ಹತ್ತು ಕಂಬಕ್ಕೆ ಎಷ್ಟು ಸಂದು?

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ನಮ್ಮದು ಚಿಕ್ಕಬಳ್ಳಾಪುರ ಕಡೆಯ ಹಳ್ಳಿ ಶಾಲೆ. ಹತ್ತನೇ ತರಗತಿಯ ಸಮಾಂತರ ಶ್ರೇಢಿ (ಪ್ರತಿ ಸಲ ಒಂದೇ ಅಂತರದಲ್ಲಿ ಏರುವ ಅಥವಾ ಇಳಿಯುವ ಸಂಖ್ಯೆಗಳ ಸಾಲು) ಪಾಠವನ್ನು 9 ಪುಟದ ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದೆ. 'ಥ್ಯಾಂಕ್ಯೂ ಮಿಸ್' ಅಂತ ಸಾಲು ಸಾಲು ಬಂತು. ಲೆಕ್ಕ ಮಾತ್ರ ಒಬ್ಬರೂ ಮಾಡಿ ಕಳಿಸಲಿಲ್ಲ.

ಆಗಸ್ಟ್‌ನಲ್ಲಿ ವಿದ್ಯಾಗಮ (ಶಿಕ್ಷಕರೇ ಮಕ್ಕಳ ಊರಿಗೆ ಹೋಗಿ ಪಾಠ ಮಾಡುವ ಸರ್ಕಾರದ ಯೋಜನೆ) ಶುರುವಾಗಿ ಊರೂರಿಗೆ ಹೋದಾಗ ಗೊತ್ತಾಯಿತು. ಫೋನು ಅಪ್ಪನ ಜೊತೆ ತೋಟಕ್ಕೆ ಹೋಗಿ ರಾತ್ರಿ ಬರುತ್ತದೆ. ಆಗ ಅದರಲ್ಲಿ ಚಾರ್ಜ್ ಇರುವುದಿಲ್ಲ.

ಒಬ್ಬ ಹುಡುಗಿಯನ್ನು ದೇವಸ್ಥಾನದ ಜಗಲಿ ಮೇಲೆ ಕೂರಿಸಿ, ಅದೇ ಪಾಠದ ಪ್ರಿಂಟ್ ಕೊಟ್ಟೆ. ನಾನು ಬಾಯಿ ಬಿಡಬಾರದು ಅಂತ ನನಗೆ ನಾನೇ ಶರತ್ತು ಹಾಕಿಕೊಂಡೆ. ಎರಡು ಪುಟ ಸರಾಗವಾಗಿ ಓದಿದಳು. ಮೂರನೆಯದರಲ್ಲಿ, n-ನೇ ಸಂಖ್ಯೆ ಕಂಡುಹಿಡಿಯುವ a + (n − 1)d ಸೂತ್ರದ ಮೇಲೆ (a ಮೊದಲ ಸಂಖ್ಯೆ, d ಪ್ರತಿ ಸಲದ ಏರಿಕೆ) ಬೆರಳು ನಿಂತಿತು. "ಮಿಸ್, ಇಲ್ಲಿ ಒಂದು ಯಾಕೆ ಕಳೀಬೇಕು?" ತರಗತಿಯಲ್ಲಾಗಿದ್ದರೆ ಮುಖ ನೋಡಿಯೇ ಹೇಳಿಬಿಡುತ್ತಿದ್ದೆ. ಹಾಳೆ ಅವಳ ಮುಖ ನೋಡುವುದಿಲ್ಲವಲ್ಲ!

ಪಾಠವನ್ನು ಹೊಸದಾಗಿ ಬರೆದೆ. ಈ ಸಲ ಒಂದೇ ಹಾಳೆ, ಎರಡು ಬದಿ. ಮೇಲೆ ದ್ರಾಕ್ಷಿ ಚಪ್ಪರದ 10 ಕಲ್ಲುಕಂಬಗಳ ಚಿತ್ರ. ನಡುವೆ ಎಷ್ಟು ಸಂದು ಇದೆ, ಬೆರಳಿಟ್ಟು ಎಣಿಸಿ. ಅದರ ಕೆಳಗೆ ಬೋರ್‌ವೆಲ್ ಲೆಕ್ಕ: ಮೊದಲ 100 ಅಡಿಯವರೆಗೆ ಪ್ರತಿ ಅಡಿಗೆ 80 ರೂಪಾಯಿ, ಆಮೇಲೆ ಪ್ರತಿ 100 ಅಡಿಗೂ ದರ 10 ರೂಪಾಯಿ ಏರುತ್ತದೆ. ಹತ್ತನೇ ನೂರಡಿಯಲ್ಲಿ ಅಡಿಗೆಷ್ಟು? (ದರ ನಾನೇ ಇಟ್ಟಿದ್ದು. ಬೋರ್ ಲಾರಿಯವರ ನಿಜವಾದ ದರ ನಮ್ಮ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು.)

ಜಾಸ್ತಿ ಹೊತ್ತು ಹಿಡಿದಿದ್ದು ಉತ್ತರದ ಭಾಗ. ಸುಮ್ನೆ '170' ಅಂತ ಬರೆದರೆ ತಪ್ಪು ಮಾಡಿದವರಿಗೆ ಏನು ಸಿಕ್ಕಿತು? ಹಳೇ ಪರೀಕ್ಷೆಗಳ ಉತ್ತರ ಪತ್ರಿಕೆ ತಿರುವಿ, ಎಲ್ಲೆಲ್ಲಿ ಜಾರುತ್ತಾರೆ ಅಂತ ಪಟ್ಟಿ ಮಾಡಿಕೊಂಡೆ. ಹಾಳೆಯ ಹಿಂಬದಿಯಲ್ಲಿ ಬರೆದೆ: '180 ಬಂತಾ? ದರವನ್ನು ಹತ್ತು ಸಲ ಏರಿಸಿದ್ದೀರಿ. ಮೊದಲ ನೂರಡಿಗೆ ಏರಿಕೆ ಇಲ್ಲ, ಕಂಬದ ಚಿತ್ರ ಇನ್ನೊಮ್ಮೆ ನೋಡಿ. 90 ಬಂತಾ? ಮೊದಲಿನ 80 ಕೂಡಿಸಲು ಮರೆತಿದ್ದೀರಿ.'

ಜೊತೆಗೆ ಮೂರು ನಿಮಿಷದ ಆಡಿಯೊ, ಅದರಲ್ಲಿ ಮಕ್ಕಳಿಗೆ ಬರುವ ಒಂದೇ ಒಂದು ಅನುಮಾನದ ಬಗ್ಗೆ ಮಾತು. ಮನೆಯಲ್ಲಿ ತೆಲುಗು ಆಡುವ ಮಕ್ಕಳು ನಮ್ಮ ಕಡೆ ಜಾಸ್ತಿ, ಹಾಗಾಗಿ ಮುಖ್ಯ ಸಾಲನ್ನು ತೆಲುಗಿನಲ್ಲೂ ಹೇಳಿದೆ. ವಿಡಿಯೊ ಗೋಜಿಗೆ ಹೋಗಲಿಲ್ಲ.

ಅಕ್ಟೋಬರ್‌ನಲ್ಲಿ ವಿದ್ಯಾಗಮವೂ ನಿಂತಿತು. ಹಾಳೆಗಳನ್ನು ಹಾಲಿನ ಡೇರಿಯಲ್ಲಿ ಇಟ್ಟೆ. ಬೆಳಿಗ್ಗೆ ಹಾಲು ಹಾಕಲು ಬಂದ ಮಕ್ಕಳು ಒಯ್ದರು, ಬರೆದು ಅಲ್ಲೇ ತಂದಿಟ್ಟರು. ಒಂದರ ಮೂಲೆಯಲ್ಲಿ ಪೆನ್ಸಿಲಿನ ಸಾಲು: 'ಮಿಸ್, ನಮ್ಮ ಬೋರು 1200 ಅಡಿ ಕೊರೆದರೂ ನೀರು ಬರಲಿಲ್ಲ. ಕೊನೇ ನೂರಡಿಗೆ ಅಡಿಗೆ 190 ಅಲ್ವಾ?'