ಗ್ಲಾಕೋಮಾ ಮಷಿನ್‌ನಲ್ಲೇ ಎಂಎಸ್ ಅಳೆದದ್ದು: ನನ್ನ ಅನುಭವ

"ಕಣ್ಣಿನ ಡಾಕ್ಟರು ಕಣ್ಣು ನೋಡ್ರಿ, ಮಿದುಳು ನಮಗ ಬಿಡ್ರಿ" ಅಂತ ನಕ್ಕಿದ್ದ ನರರೋಗ ತಜ್ಞರೇ ಈಗ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್; ಮಿದುಳು, ಬೆನ್ನುಹುರಿ, ಕಣ್ಣಿನ ನರದ ಹೊದಿಕೆಯನ್ನು ಕೆಡಿಸುವ ಕಾಯಿಲೆ) ಪೇಷಂಟ್‌ಗಳನ್ನು ಬಾಗಲಕೋಟೆಗೆ, ನವನಗರದ ನಮ್ಮ ಕ್ಲಿನಿಕ್ಕಿಗೆ ಕಳಿಸುತ್ತಾರೆ. ಚೀಟಿಯಲ್ಲಿ ಒಂದೇ ಸಾಲು ಇರುತ್ತದೆ: ಎರಡೂ ಕಣ್ಣಿನ ಓಸಿಟಿ ಮಾಡಿ, ವ್ಯತ್ಯಾಸ ತಿಳಿಸಿ. ಓಸಿಟಿ ಅಂದರೆ ಬೆಳಕು ಬಿಟ್ಟು ಕಣ್ಣಿನ ಹಿಂದಿನ ಪರದೆಯ ಪದರಗಳ ದಪ್ಪ ಅಳೆಯುವ ಸ್ಕ್ಯಾನ್.

ಮಷಿನ್ ತಗೊಂಡಿದ್ದು ಗ್ಲಾಕೋಮಾಕ್ಕೆ, ಶುಗರ್‌ನವರಿಗೆ. ಸೆಕೆಂಡ್ ಹ್ಯಾಂಡ್, ಸುಮಾರು 17-18 ಲಕ್ಷ, ಬ್ಯಾಂಕ್ ಸಾಲ. ನಮ್ಮೂರ ಕರೆಂಟಿಗೆ ಹೆದರಿ ಯುಪಿಎಸ್, ಸ್ಟೆಬಿಲೈಸರ್, ಎಸಿ ಅಂತ ಮತ್ತೆ ಒಂದೂವರೆ ಲಕ್ಷ ಹೋಯಿತು. ಎಂಎಸ್ ಸ್ಕ್ಯಾನ್‌ನಿಂದ ಕಂತು ತುಂಬುತ್ತೇನೆ ಅನ್ನುವ ಆಸೆ ಬೇಡ. ನಾನು ಒಂದು ಸ್ಕ್ಯಾನ್‌ಗೆ 1,200 ತಗೋತೇನೆ, ಹಳೆಯ ಎಂಎಸ್ ಪೇಷಂಟ್‌ಗಳಿಗೆ ಅರ್ಧ. ಕಾಂಟ್ರಾಸ್ಟ್ ಹಾಕಿದ ಎಂಆರ್‌ಐಗೆ ಅವರು ಎಂಟು-ಹತ್ತು ಸಾವಿರ ಕೊಟ್ಟು ಬಂದಿರುತ್ತಾರೆ, ಜೊತೆಗೆ ಬೆಳಗಾವಿಯ ಬಸ್ಸು, ಊಟ, ಒಂದು ದಿನದ ಕೂಲಿ ಬೇರೆ. ಎಂಆರ್‌ಐಗೆ ಓಸಿಟಿ ಬದಲಿ ಅಲ್ಲ, ನಿಮಗೂ ಗೊತ್ತು. ಆದರೆ ಕಣ್ಣಿನ ನರ ಎಷ್ಟು ಸವೆದಿದೆ ಅನ್ನುವುದನ್ನು ಹತ್ತು ನಿಮಿಷದಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಹೇಳುವ ಅಗ್ಗದ ದಾರಿ ನನಗೆ ಬೇರೆ ಸಿಕ್ಕಿಲ್ಲ.

ಮೊದಮೊದಲು ಕೈಕೊಟ್ಟಿದ್ದು ಪ್ರಿಂಟ್‌ಔಟ್‌ನ ಬಣ್ಣ. ಒಂದು ಕಣ್ಣಿನ ಆರ್‌ಎನ್‌ಎಫ್‌ಎಲ್ (ಕಣ್ಣಿನ ನರಕ್ಕೆ ಸೇರುವ ನರತಂತುಗಳ ಪದರ) 99 ಮೈಕ್ರಾನ್, ಇನ್ನೊಂದರದು 89. ಎರಡೂ ಹಸಿರು, ಅಂದರೆ ನಾರ್ಮಲ್! ಮಷಿನ್ ಹೋಲಿಸುವುದು ಅದೇ ವಯಸ್ಸಿನ ಊರ ಮಂದಿಯ ಜೊತೆ. ನಮಗೆ ಬೇಕಾದದ್ದು ಅದೇ ಮನುಷ್ಯನ ಇನ್ನೊಂದು ಕಣ್ಣು. ಅಲ್ಲಿಂದ ಬಣ್ಣ ನೋಡುವುದನ್ನೇ ಬಿಟ್ಟೆ. ಎಂಎಸ್ ಗುರುತಿಸುವ ಮೆಕ್‌ಡೊನಾಲ್ಡ್ ನಿಯಮಗಳ 2024ರ ಪರಿಷ್ಕರಣೆ ಆಪ್ಟಿಕ್ ನರವನ್ನು, ಅಂದರೆ ಕಣ್ಣಿನ ನರವನ್ನು, ಕಾಯಿಲೆಯ ಗುರುತು ಹುಡುಕುವ ಐದನೇ ಜಾಗ ಅಂತ ಒಪ್ಪಿಕೊಂಡಿತು. ಎರಡು ಕಣ್ಣಿನ ನಡುವೆ ಆರ್‌ಎನ್‌ಎಫ್‌ಎಲ್‌ನಲ್ಲಿ 6 ಮೈಕ್ರಾನ್, ಗ್ಯಾಂಗ್ಲಿಯನ್ ಪದರದಲ್ಲಿ (ಆ ತಂತುಗಳು ಹೊರಡುವ ಕೋಶಗಳ ಪದರ) 4 ಮೈಕ್ರಾನ್ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ನಾನು ಅದಕ್ಕೂ ಮೊದಲೇ ಹೀಗೆ ಕಳೆದು ನೋಡುತ್ತಿದ್ದೆ, ಸ್ವಲ್ಪ ಜಂಬ ಕೊಚ್ಚಿಕೊಳ್ಳಲು ಬಿಡಿ.

ಈಗ ತಲೆನೋವಿನ ಮಾತು. ಬೆಳಿಗ್ಗೆ ತೆಗೆದ ಕಣ್ಣನ್ನೇ ಸಂಜೆ ತೆಗೆದರೆ ನಾಲ್ಕೈದು ಮೈಕ್ರಾನ್ ಆಚೀಚೆ ಬರುತ್ತಿತ್ತು. ಮಷಿನ್ನೇ ಇಷ್ಟು ಅಲುಗಾಡಿದರೆ 6ರ ಗೆರೆಗೆ ಏನು ಬೆಲೆ? ಸರ್ವೀಸ್‌ನವರು ಬಂದು ಬಿಲ್ಲು ಹಾಕಿಹೋದರು, ಏನೂ ಬದಲಾಗಲಿಲ್ಲ. ಮೂರು ಕಾರಣ ಸಿಕ್ಕವು. ಡಿಸ್ಕ್ (ನರ ಕಣ್ಣಿಂದ ಹೊರಡುವ ಜಾಗ) ಸುತ್ತ ಅಳೆಯುವ ವೃತ್ತ ಚೂರು ಸರಿದಿರುತ್ತಿತ್ತು, ಒಣಗಿದ ಕಣ್ಣಲ್ಲಿ ಸಿಗ್ನಲ್ ಬೀಳುತ್ತಿತ್ತು, ಪದರದ ಗೆರೆಯನ್ನು ಸಾಫ್ಟ್‌ವೇರ್ ತಪ್ಪಾಗಿ ಎಳೆಯುತ್ತಿತ್ತು. ಈಗ ಒಬ್ಬಳೇ ಹುಡುಗಿ ಸ್ಕ್ಯಾನ್ ಮಾಡುತ್ತಾಳೆ, ಮೊದಲು ಡ್ರಾಪ್ಸ್ ಹಾಕುತ್ತಾಳೆ. ಸಿಗ್ನಲ್ 7ಕ್ಕಿಂತ ಕಡಿಮೆ ಬಂದರೆ ಮತ್ತೆ ತೆಗೆಯುತ್ತಾಳೆ. ಗೆರೆಗಳನ್ನು ನಾನೇ ನೋಡುತ್ತೇನೆ. ಕಣ್ಣು ಒಂದೇ ಕಡೆ ನಿಲ್ಲದ ಪೇಷಂಟ್‌ಗಳಿಗೆ ಅವಳದೊಂದು ಉಪಾಯ ಇದೆ. ಅವಳ ಸಂಬಳ ಜಾಸ್ತಿ ಮಾಡಿದ್ದೇ ಅದಕ್ಕೆ, ಇಲ್ಲಿ ಹೇಳಲ್ಲ.

ನ್ಯೂರೈಟಿಸ್ (ಕಣ್ಣಿನ ನರದ ಉರಿಯೂತ) ಬಂದ ವಾರದಲ್ಲೇ ಸ್ಕ್ಯಾನ್ ಮಾಡಿ ಅಂತ ಒತ್ತಾಯಿಸುವವರಿದ್ದಾರೆ. ಆಗ ನರ ಊದಿರುತ್ತದೆ, 130 ಬಂದರೂ ಬಂತು. ಆ ಅಂಕಿಗೆ ಖುಷಿಪಡಬೇಡಿ. ಆಗ ತೆಗೆದದ್ದನ್ನು ಫೈಲಿಗೆ ಇಡಿ, ಮೂರರಿಂದ ಆರು ತಿಂಗಳು ಬಿಟ್ಟು ಮತ್ತೆ ಕರೆಸಿ. ಗ್ಯಾಂಗ್ಲಿಯನ್ ಪದರ ಮಾತ್ರ ಊತಕ್ಕೆ ಅಷ್ಟು ಮೋಸ ಹೋಗಲ್ಲ, ಕೆಲವೇ ವಾರದಲ್ಲಿ ಇಳಿಯತೊಡಗುತ್ತದೆ. ಒಂದು ಕಣ್ಣಿಗೆ ಮಾತ್ರ ಜಾಸ್ತಿ ಮೈನಸ್ ನಂಬರು, ಗ್ಲಾಕೋಮಾ, ಹಳೆಯ ರಕ್ತನಾಳದ ಬ್ಲಾಕ್ ಇದ್ದರೆ ಈ ಕಳೆಯುವ ಲೆಕ್ಕ ಸುಳ್ಳು.

ನರರೋಗ ತಜ್ಞರ ನಗು ನಿಂತದ್ದು ಇಳಕಲ್ ಕಡೆಯ ಒಬ್ಬ ಹೆಣ್ಣುಮಗಳ ರಿಪೋರ್ಟ್ ನೋಡಿ. ಎಂಎಸ್ ಅಂತ ಹೇಳಿ ಕಳಿಸಿದ್ದರು. ಒಂದೇ ಹೊಡೆತಕ್ಕೆ ಅವಳ ಒಂದು ಕಣ್ಣಿನ ಆರ್‌ಎನ್‌ಎಫ್‌ಎಲ್ ಐವತ್ತರ ಆಸುಪಾಸಿಗೆ ಇಳಿದಿತ್ತು. ಎಂಎಸ್‌ನಲ್ಲಿ ಸಾಮಾನ್ಯವಾಗಿ ಇಷ್ಟು ಹೋಗಲ್ಲ. ಎಂಎಸ್‌ನಂತೆ ಕಾಣುವ ಬೇರೆ ಕಾಯಿಲೆ ಹಿಡಿಯುವ ಅಕ್ವಾಪೊರಿನ್-4 ಮತ್ತು ಮಾಗ್ ಪ್ರತಿಕಾಯಗಳ ರಕ್ತಪರೀಕ್ಷೆ ಮಾಡಿಸಿ ಅಂತ ಬರೆದೆ. ಅಕ್ವಾಪೊರಿನ್ ಪಾಸಿಟಿವ್ ಬಂತು. ಅಂದರೆ ಎಂಎಸ್ ಅಲ್ಲ, ನ್ಯೂರೋಮೈಲೈಟಿಸ್ ಆಪ್ಟಿಕಾ. ಆ ಕಾಯಿಲೆಗೆ ಎಂಎಸ್‌ನ ಕೆಲವು ಔಷಧಿ ಕೊಟ್ಟರೆ ಇನ್ನೂ ಕೆಡುತ್ತದೆ.

ನಡುವೆ ಒಂದು ಆಟವನ್ನೂ ಆಡಿದೆ. ಮೇ ತಿಂಗಳಲ್ಲಿ ಎಂಎಸ್‌ನವರು "ಕಣ್ಣು ಮಂಜಾತ್ರೀ, ಮತ್ತ ಅಟ್ಯಾಕ್ ಬಂತೇನ್ರೀ" ಅಂತ ಹೆದರಿ ಓಡಿ ಬರುತ್ತಾರೆ. ಮೈ ಬಿಸಿಯಾದರೆ ದೃಷ್ಟಿ ತಾತ್ಕಾಲಿಕವಾಗಿ ಮಂಜಾಗುವ ಊಟ್‌ಹಾಫ್ ಲಕ್ಷಣ ಅದು. ಬೆಳಿಗ್ಗೆ ತಂಪಲ್ಲಿ ಒಮ್ಮೆ, ಮಧ್ಯಾಹ್ನ ಬಿಸಿಲಲ್ಲಿ ಬಂದಾಗ ಒಮ್ಮೆ ಅಳೆದು ನೋಡಿದೆ. ಬಿಳಿ ಮೇಲೆ ತಿಳಿಬೂದು ಅಕ್ಷರ ಇರುವ 2.5 ಪರ್ಸೆಂಟ್ ಕಾಂಟ್ರಾಸ್ಟ್ ಚಾರ್ಟಿನಲ್ಲಿ ಎರಡು-ಮೂರು ಸಾಲು ಕಡಿಮೆ ಓದಿದರು, ಪದರದ ದಪ್ಪ ಮಾತ್ರ ಹಾಗೇ ಇತ್ತು. ನೆರಳಲ್ಲಿ ತಣ್ಣಗೆ ಕೂತರೆ ಓದೂ ಸರಿಯಾಯಿತು. ಆ ಚಾರ್ಟನ್ನು ಊರ ಪ್ರೆಸ್ಸಿನಲ್ಲಿ ಅಗ್ಗಕ್ಕೆ ಮಾಡಿಸಲು ಹೋಗಿ ದುಡ್ಡು ದಂಡ, ಆ ಬೂದು ಅವರಿಗೆ ಬರಲೇ ಇಲ್ಲ. ಕೊನೆಗೆ ರೆಡಿ ಚಾರ್ಟೇ ತರಿಸಿದೆ.

ಈಗ ಹೊಸ ಮಷಿನ್‌ಗೆ ಕೊಟೇಶನ್ ಬಂದಿದೆ. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡಿ, ಮೂರು ಲಕ್ಷ ಕಡಿಮೆ ಮಾಡ್ತೀವಿ ಅನ್ನುತ್ತಾರೆ. ಕೊಡಲ್ಲ. ಒಂದು ಕಂಪನಿಯ ಮೈಕ್ರಾನ್ ಇನ್ನೊಂದಕ್ಕೆ ತಾಳೆ ಆಗಲ್ಲ, ನನ್ನ ಪೇಷಂಟ್‌ಗಳ ಹಳೆಯ ಅಂಕಿಯೆಲ್ಲ ಸುಮ್ನೆ ವ್ಯರ್ಥ ಆಗುತ್ತದೆ. ಪ್ರತಿಯೊಬ್ಬರನ್ನೂ ಒಂದು ವರ್ಷ ಎರಡರಲ್ಲೂ ಕೂರಿಸಿದ ಮೇಲೆ ಆ ಮೂರು ಲಕ್ಷದ ಮಾತು.