ಕಾಗಕ್ಕ ಬಾಗಿಲಲ್ಲೇ ನಿಂತಿರಲಿ

ಮೂರರಿಂದ ಐದು ವರ್ಷದ ಮಕ್ಕಳಿಗೆ ಕಥೆ ಹೇಳುವುದು ನನ್ನ ಕೆಲಸ. ಜಾಸ್ತಿ ಹೇಳಿರುವುದು ಕಾಗಕ್ಕ ಗುಬ್ಬಕ್ಕನ ಕಥೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆಗೆ ಸಗಣಿ ಮನೆ ಕೊಚ್ಚಿಹೋಗುತ್ತದೆ. ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ.

ಈ ಬಾಗಿಲೇ ಕಥೆಯ ಜೀವ. "ತಾಳು ಕಾಗಕ್ಕ, ಮಗೂಗೆ ಎಣ್ಣೆ ಹಚ್ತಿದೀನಿ." ಆಮೇಲೆ ನೀರು ಹಾಕಬೇಕು, ಸಾಂಬ್ರಾಣಿ ಹೊಗೆ ಕೊಡಬೇಕು, ಕಾಡಿಗೆ ಹಚ್ಚಬೇಕು, ತೊಟ್ಟಿಲು ತೂಗಬೇಕು. ಅವಸರದಲ್ಲಿ ಹೇಳುವವರು ಇದನ್ನೇ ಮೊದಲು ಕತ್ತರಿಸುತ್ತಾರೆ. ನಾನು ಇದನ್ನೇ ಎಳೆಯುತ್ತೇನೆ. ತಟ್ಟುವುದು ಮಕ್ಕಳ ಪಾಲು. ನೆಲಕ್ಕೆ ಅಂಗೈ ಬಡಿದು "ಗುಬ್ಬಕ್ಕಾ, ಬಾಗಿಲು ತೆಗಿ" ಅನ್ನುತ್ತಾರೆ. ಪ್ರತಿ ಸಲ ನನ್ನ ಮಳೆ ಜೋರಾಗುತ್ತದೆ, ಕಾಗಕ್ಕನ ದನಿ ಸಣ್ಣದಾಗುತ್ತದೆ. ಐದು ಸಲ ತಟ್ಟಿದರೆ ಸಾಕು, ಆಮೇಲೆ ಹಿಂದಿನ ಸಾಲು ಎದ್ದು ಓಡಾಡಲು ಶುರು.

ಸಾಂಬ್ರಾಣಿ ಅಂದರೆ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಆದರೂ ತೆಗೆಯುವುದಿಲ್ಲ, ಬಿಡಿಸಿ ಹೇಳುವುದೂ ಇಲ್ಲ. ಮಗುವನ್ನು ಹೊಗೆಯ ಮೇಲೆ ಹಿಡಿದಂತೆ ಮಾಡಿ ಒಂದು ಸಲ ಕೆಮ್ಮುತ್ತೇನೆ, ಅಷ್ಟೇ. "ಸಗಣಿ ಯಾಕೆ, ಮಣ್ಣಿನ ಮನೆ ಅನ್ನಿ" ಎಂದ ಅಪ್ಪ ಅಮ್ಮಂದಿರೂ ಇದ್ದಾರೆ. ಸಗಣಿ ಅಂದ ಕೂಡಲೇ ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಾರಲ್ವಾ, ಆ ನಗು ಬಿಟ್ಟುಕೊಡಲು ನಾನು ತಯಾರಿಲ್ಲ.

ಬದಲಾಯಿಸುವುದು ಕೊನೆಯನ್ನು. ಅದು ಹೇಗೂ ಒಂದೊಂದು ಮನೆಯಲ್ಲಿ ಒಂದೊಂದು ಥರ. ನಾನು ಕೇಳಿ ಬೆಳೆದದ್ದರಲ್ಲಿ ಕಾಗಕ್ಕ ರಾತ್ರಿ ಗುಬ್ಬಕ್ಕನ ಮರಿಗಳನ್ನೇ ತಿಂದುಬಿಡುತ್ತಾಳೆ. ಮೂರು ವರ್ಷದವರಿಗೆ ಅದು ಬೇಡ. ಮರಿಗಳ ಬದಲು ಹುರಿಗಡಲೆ ಡಬ್ಬಿ ಇಟ್ಟೆ. ಕತ್ತಲಲ್ಲಿ ಕಟುಂ ಕುಟುಂ ಸದ್ದು. "ಏನೇ ಅದು ಕಾಗಕ್ಕ?" "ಏನಿಲ್ಲ ಕಣೇ, ಚಳಿಗೆ ಹಲ್ಲು ಕಟಕಟ ಅಂತಿದೆ." ಯಾರಾದರೂ ಒಬ್ಬರು "ಕಾಗೆಗೆ ಹಲ್ಲೇ ಇಲ್ಲ!" ಎಂದು ಕೂಗುತ್ತಾರೆ. ಕಳ್ಳತನ ಉಳಿಯಿತು, ಸುಳ್ಳೂ ಉಳಿಯಿತು, ಹಿಡಿಯುವ ಕೆಲಸ ಮಕ್ಕಳದಾಯಿತು. ಕಾಗಕ್ಕನನ್ನು ಒಳ್ಳೆಯವಳು ಮಾಡಿದ್ದರೆ ಕಥೆ ಸಪ್ಪೆ.

ಎಲ್ಲ ಕಥೆಗೂ ಹೀಗೆ ಕೈ ಹಾಕುವುದಿಲ್ಲ. ಪುಣ್ಯಕೋಟಿಯ ಕೊನೆಯಲ್ಲಿ ಹುಲಿ ಪ್ರಾಣ ಬಿಡಲೇಬೇಕು. ಹುಲಿ ಹುಲ್ಲು ತಿನ್ನಲು ಕಲಿಯಿತು ಎಂದು ಸುಮ್ನೆ ತಿದ್ದುವ ಬದಲು ಆ ಕಥೆಯನ್ನು ಆರೇಳು ವರ್ಷದವರಿಗೆ ಎತ್ತಿಡುತ್ತೇನೆ.

ಪಂಚತಂತ್ರದಲ್ಲಂತೂ ಆರಿಸಿಯೇ ಹೇಳಬೇಕು. ಅವು ರಾಜನೀತಿ ಕಲಿಸಲು ಹೆಣೆದ ಕಥೆಗಳು. 11ನೇ ಶತಮಾನದಲ್ಲಿ ಕನ್ನಡಕ್ಕೆ ತಂದ ದುರ್ಗಸಿಂಹನೂ ಚಾಲುಕ್ಯರ ಆಸ್ಥಾನದ ಸಂಧಿವಿಗ್ರಹಿ, ಅಂದರೆ ಯುದ್ಧ, ಸಂಧಿಗಳನ್ನು ನೋಡಿಕೊಳ್ಳುವ ಮಂತ್ರಿ. ಕೋತಿ ಮೊಸಳೆ ಕಥೆ ನಾಲ್ಕು ವರ್ಷಕ್ಕೇ ಸರಿ. ಗುಂಡಿಗೆಯನ್ನು ಮರದ ಮೇಲೇ ಬಿಟ್ಟು ಬಂದೆ ಎಂದು ಕೋತಿ ಹೇಳಿದಾಗ ಮಕ್ಕಳು ತಮ್ಮ ಎದೆ ಮುಟ್ಟಿ ನೋಡಿಕೊಳ್ಳುತ್ತಾರೆ. ನರಿ ಕಿವಿಯೂದಿ ಸಿಂಹ ಎತ್ತಿನ ಸ್ನೇಹ ಕೆಡಿಸುವ ಕಥೆಯನ್ನು ಮಾತ್ರ ಮುಟ್ಟುವುದಿಲ್ಲ. ಚಾಡಿ ಅರ್ಥವಾಗುವ ವಯಸ್ಸು ಅದಲ್ಲ.