ಉಪ್ಪುಕಾಗದ ಹಿಡಿದು ಕೂತ ವಾರಗಳು

ನಾನು ಆಪ್ತ ಸಮಾಲೋಚಕಿ. ಪಾರ್ಶ್ವವಾಯುವಿನಿಂದ ಬಲಗೈ ಸೋತಿದ್ದ ಬಡಗಿಯೊಬ್ಬರು ನನ್ನ ಬಳಿ ಬಂದಾಗ ಹೇಳಿದ್ದು ಒಂದೇ ಮಾತು: “ಹೊತ್ತು ಹೋಗ್ತಿಲ್ಲ ಮೇಡಂ.” (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಹೊತ್ತು ಹೋಗುವ ದಾರಿ ತೋರಿಸಿದರೆ ಸಾಕೆಂದುಕೊಂಡು ಹವ್ಯಾಸಗಳ ಪಟ್ಟಿಯನ್ನೇ ಬರೆದುಕೊಟ್ಟೆ. ಸಂಗೀತ, ನಡಿಗೆ, ಗಿಡ ಬೆಳೆಸುವುದು. ಅವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು. ಮೂರು ವಾರ ಏನೂ ಮಾಡಲಿಲ್ಲ.

ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲೇ ಹೇಳಿದ್ದರು: ಚಿಕಿತ್ಸೆಯ ಸಂಬಂಧ ನಿಲ್ಲುವುದು ಬಾಂಧವ್ಯ, ಗುರಿಯಲ್ಲಿ ಒಮ್ಮತ, ಮಾಡುವ ಕೆಲಸದಲ್ಲಿ ಒಮ್ಮತ, ಈ ಮೂರರ ಮೇಲೆ. ಓದಿಕೊಂಡಿದ್ದೆ. ಆದರೂ ಗುರಿ, ಕೆಲಸ ಎರಡನ್ನೂ ನಾನೊಬ್ಬಳೇ ನಿರ್ಧರಿಸಿಬಿಟ್ಟಿದ್ದೆ.

ನಾಲ್ಕನೆಯ ವಾರ ಪಟ್ಟಿಯ ಮಾತು ಬಿಟ್ಟು ಕೇಳಿದೆ: “ಯಾವ ಕೆಲಸಕ್ಕೆ ಕೂತ್ರೆ ನಿಮಗೆ ಊಟ ಮರೆತುಹೋಗ್ತಿತ್ತು?” ತುಂಬ ಹೊತ್ತು ಸುಮ್ಮನಿದ್ದರು. ಏನಾದರೂ ಹೇಳಿಬಿಡಬೇಕೆನಿಸಿತು, ತಡೆದುಕೊಂಡೆ.

“ಮರ ನುಣುಪು ಮಾಡೋದು.”

ಮುಂದಿನ ವಾರ ಎರಡು ಹಲಗೆ ತುಂಡು, ಉಪ್ಪುಕಾಗದ ತಂದಿಟ್ಟೆ. ಹತ್ತೇ ನಿಮಿಷ ಎಂದು ಮೊದಲೇ ಮಾತಾಗಿತ್ತು. ಖಿನ್ನತೆಯಲ್ಲಿರುವವರು ಉತ್ಸಾಹ ಬರಲಿ ಎಂದು ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ಸಣ್ಣದಾಗಿ ಶುರುಮಾಡಿದ ಮೇಲೆ ಅದು ಬರುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಅವರು ಎಡಗೈಯಲ್ಲಿ ಉಜ್ಜುತ್ತಿದ್ದರು. ಎದುರು ಕೂತ ನಾನು ಅಡ್ಡಡ್ಡ ಉಜ್ಜುತ್ತಿದ್ದೆ. ಅವರಿಗೆ ನೋಡಿ ಸುಮ್ಮನಿರಲಾಗಲಿಲ್ಲ.

“ನಾರಿನ ಗುಂಟ ಉಜ್ಜಬೇಕು ಮೇಡಂ, ಇಲ್ಲಾಂದ್ರೆ ಗೀರು ಉಳಿಯುತ್ತೆ.”

ನನ್ನ ಹಲಗೆ ಎಳೆದುಕೊಂಡು ತೋರಿಸಿಕೊಟ್ಟರು. ಪಾರ್ಶ್ವವಾಯು ಬಡಿದ ಮೇಲೆ ಅವರು ಯಾರಿಗಾದರೂ ಏನನ್ನಾದರೂ ಕಲಿಸಿದ್ದು ಅದೇ ಮೊದಲು. ಅಂದಿನಿಂದ ಪ್ರತಿ ವಾರ ನನಗೆ ಪಾಠ.

ಪಳಗಲು ವರ್ಷಗಳೇ ಬೇಕಾಗುವ, ಪಟ್ಟು ಹಿಡಿದು ಮಾಡುವ ಬಿಡುವಿನ ಕೆಲಸಕ್ಕೆ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಟೆಬಿನ್ಸ್ 1982ರಲ್ಲಿ ‘ಗಂಭೀರ ವಿರಾಮ’ ಎಂಬ ಹೆಸರು ಕೊಟ್ಟರು. ನನ್ನ ಪಟ್ಟಿಯಲ್ಲಿದ್ದದ್ದೆಲ್ಲ ಬರೀ ಹೊತ್ತು ಕಳೆಯುವ ಬಾಬತ್ತು. ಗಿರಾಕಿಯ ಅವಸರ, ಕೂಲಿಯ ಲೆಕ್ಕ ಎರಡೂ ಇಲ್ಲದೆ ಮರ ಮುಟ್ಟಿದ್ದು ಜೀವಮಾನದಲ್ಲಿ ಇದೇ ಮೊದಲು ಎಂದು ಅವರು ಒಮ್ಮೆ ಹೇಳಿದಾಗ ನನಗೆ ಗಂಟಲು ಕಟ್ಟಿತು.

ಹಳೆಯ ಕೈ ಮರಳಿ ಬರಲಿಲ್ಲ. ಆ ದುಃಖಕ್ಕೂ ಅದೇ ಮೇಜಿನಲ್ಲಿ ಜಾಗವಿತ್ತು. ಒಂದು ದಿನ ಉಜ್ಜುತ್ತಲೇ ಅತ್ತರು. ಸಮಾಧಾನದ ಮಾತು ಆಡಲಿಲ್ಲ, ಕೈ ನಿಲ್ಲಿಸಿ ಪಕ್ಕದಲ್ಲಿ ಕೂತಿದ್ದೆ.

ಎಂಟನೆಯ ತಿಂಗಳು ಫೋನ್ ಬಂತು. “ಈ ವಾರ ಬರೋಕಾಗಲ್ಲ ಮೇಡಂ. ಮೊಮ್ಮಗಳ ಕುರ್ಚಿಗೆ ಕಾಲು ಅಂಟಿಸಿದೀನಿ. ಒಣಗೋವರೆಗೂ ಯಾರೂ ಅಲುಗಾಡಿಸದ ಹಾಗೆ ನೋಡ್ಕೋಬೇಕು.”